ಗದ್ದೆಯಲ್ಲಿ ತೂಗುತ್ತಿದ್ದ ಡ್ರೈವರ್ ಸಿ.ಡಿ.

ಸುಮ್ಮನೆ ಇರುವುದೂ ಒಂದು ವಿದ್ಯೆ. ಅದು ಎಲ್ಲರಿಗೂ ಒಲಿಯುವುದಿಲ್ಲ, ನನಗಂತೂ ಇಂದಿನವರೆಗೆ ಒಲಿದಿಲ್ಲ. ಸರಿಯಾಗಿ ತಿರುಗುತ್ತಿರುವ ಫ್ಯಾನು ಕಂಡರೂ ನನ್ನ ಕೈ ತುರಿಸುತ್ತದೆ. ಮನೆಯ ಮಿಕ್ಸರನ್ನು ನಾನೊಮ್ಮೆ ಬಿಚ್ಚಿ ಕೂಡಿಸಿದ ಮೇಲೆ ಅದು ಸ್ವಿಚ್ ಹಾಕಿದರೆ ಸುಮ್ಮನಿರುತ್ತಿತ್ತು, ಮುಚ್ಚಳ ತೆಗೆದರೆ ತಿರುಗುತ್ತಿತ್ತು. ಅಂದಿನ ಹಸಿಮೆಣಸಿನಕಾಯಿ ಚಟ್ನಿಯ ಕಲೆ ಸಿಂಧನೂರಿನ ನಮ್ಮ ಅಡುಗೆಮನೆಯ ಸೂರಿನಲ್ಲಿ ಈಗಲೂ ಇದೆ. ಬಂದ ಬೀಗರಿಗೆಲ್ಲ ಅವ್ವ ಅದನ್ನು ತೋರಿಸಿ, ಇದು ನಮ್ಮ ಹುಡುಗನ ಕೆಲಸ ಎಂದು ಪರಿಚಯ ಮಾಡಿಕೊಡುತ್ತಾಳೆ. ನನ್ನ ಮದುವೆ ಮಾತು ಎಲ್ಲೂ ಮುಂದುವರಿಯದಿರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಇಂಥವನಿರುವ ಮನೆಯಲ್ಲಿ ಒಂದು ಕಂಪ್ಯೂಟರ್ ಇದೆ. ಮಸ್ಕಿಯ ಪರಿಚಯದವರೊಬ್ಬರಿಂದ ಸೆಕೆಂಡ್ ಹ್ಯಾಂಡಿನಲ್ಲಿ ತಂದದ್ದು, ಸ್ವಲ್ಪ ನಿಧಾನ. ಗುಂಡಿ ಒತ್ತಿ ಒಳಗೆ ಹೋಗಿ ಚಹಾ ಕುಡಿದು ಬಂದರೆ ಅಷ್ಟೊತ್ತಿಗೆ ಎದ್ದಿರುತ್ತಿತ್ತು. ಅದನ್ನು ಹೆಚ್ಚು ಬಳಸುವವಳು ತಂಗಿ ಗಿರಿಜಾ. ಆಕೆಗೆ ಇದೊಂದು ತೊಂದರೆ ಅನ್ನಿಸಿರಲಿಲ್ಲ, ಚಹಾ ಕುಡಿಯುತ್ತಿದ್ದಳು. ತೊಂದರೆ ಅನ್ನಿಸಿದ್ದು ನನಗೆ. ಅದೂ ಯಾವಾಗ ಅಂತೀರಿ? ಗಣಿತದಲ್ಲಿ ಎಂಎಸ್ಸಿ ಮುಗಿಸಿ ಕೂತಿದ್ದ ಆಕೆಗೆ ಲಿಂಗಸುಗೂರಿನ ಒಂದು ಕೋಚಿಂಗ್ ಸೆಂಟರಿನಿಂದ ಮೊದಲ ಕರೆ ಬಂದಾಗ. ಮರುದಿನ ಬೆಳಗ್ಗೆ ಆನ್‌ಲೈನಿನಲ್ಲಿ ಒಂದು ಪಾಠ ಮಾಡಿ ತೋರಿಸಬೇಕು, ಚೆನ್ನಾಗಿ ಆದರೆ ಕೆಲಸ. ಪರದೆಯ ಮೇಲೆ ಬರೆದು ತೋರಿಸುವ ಪಾಠ, ಹಾಗಾಗಿ ಫೋನಿನಲ್ಲಿ ಆಗುವುದಿಲ್ಲ, ಕಂಪ್ಯೂಟರೇ ಬೇಕು. ಅಣ್ಣನಾದವನು ಇಷ್ಟಾದರೂ ಮಾಡಬೇಡವೇ ಎಂದುಕೊಂಡು, ಆಕೆ ಪಾಠದ ತಾಲೀಮಿಗೆಂದು ಬಳಗಾನೂರಿನ ಗೆಳತಿಯ ಮನೆಗೆ ಹೋದದ್ದನ್ನು ನೋಡಿ ಕಂಪ್ಯೂಟರನ್ನು ಪೂರ್ತಿ ಒರೆಸಿ ಹೊಸದಾಗಿ ವಿಂಡೋಸ್ ಹಾಕಿದೆ. ಆಕೆಯ ಪಾಠಗಳನ್ನೆಲ್ಲ ಮೊದಲೇ ಪೆನ್ ಡ್ರೈವಿಗೆ ತೆಗೆದಿಟ್ಟಿದ್ದೆ. ಆ ಇಡೀ ದಿನದಲ್ಲಿ ನಾನು ಮಾಡಿದ ಬುದ್ಧಿವಂತಿಕೆಯ ಕೆಲಸ ಅದೊಂದೇ.

ಕಂಪ್ಯೂಟರ್ ಎದ್ದಿತು, ಬೇಗನೇ ಎದ್ದಿತು. ಆದರೆ ಹಳೆಯ ನೆನಪೆಲ್ಲ ಹೋದವರ ಹಾಗೆ ಎದ್ದಿತು. ಪರದೆಯ ಮೇಲಿನ ಚಿತ್ರಗಳು ಒಂದೊಂದೂ ಹೋಳಿಗೆಯಷ್ಟು ದೊಡ್ಡವಾಗಿದ್ದವು. ಸೌಂಡ್ ಇಲ್ಲ. ವೈಫೈ ಎನ್ನುವ ಒಂದು ವಸ್ತು ಈ ಲೋಕದಲ್ಲಿ ಇದೆಯೆಂಬುದೇ ಅದಕ್ಕೆ ತಿಳಿಯದು. ನಿನ್ನ ಕಿವಿ ಇಲ್ಲಿದೆ, ಬಾಯಿ ಇಲ್ಲಿದೆ ಎಂದು ಕಂಪ್ಯೂಟರಿಗೆ ಹೇಳಿಕೊಡುವ ಸಣ್ಣ ಸಣ್ಣ ಪ್ರೋಗ್ರಾಮುಗಳಿಗೆ ಡ್ರೈವರ್ ಅನ್ನುತ್ತಾರೆ. ಧೂಳು ಒರೆಸುವ ಭರದಲ್ಲಿ ನಾನು ಅವನ್ನೂ ಒರೆಸಿದ್ದೆ. ಡಿವೈಸ್ ಮ್ಯಾನೇಜರ್ ತೆಗೆದರೆ ಸಾಲಿಗೊಂದು ಹಳದಿ ತ್ರಿಕೋನ. ಹಿಂದಿನಿಂದ ಬಂದು ನಿಂತ ಅವ್ವ ಕಣ್ಣು ಕಿರಿದು ಮಾಡಿ ನೋಡಿ, "ಅರಿಷಿಣ ಹಚ್ಚಿದಿ, ಚಲೋ ಆತು. ವಿಭೂತೀನೂ ಹಚ್ಚಬೇಕಿತ್ತಲ್ಲೋ," ಅಂದಳು.

ಈಗ ಡ್ರೈವರ್ ತರಬೇಕು. ಅದು ಇರುವುದು ಇಂಟರ್ನೆಟ್ಟಿನಲ್ಲಿ. ಇಂಟರ್ನೆಟ್ ಬರಬೇಕಾದರೆ ವೈಫೈ ಡ್ರೈವರ್ ಬೇಕು. ತಿಜೋರಿಯ ಕೀಲಿಯನ್ನು ಜೋಪಾನವಾಗಿರಲೆಂದು ತಿಜೋರಿಯಲ್ಲೇ ಇಟ್ಟು ಬಾಗಿಲು ಹಾಕಿದವನ ಗತಿ ನನ್ನದಾಯಿತು. ನೆಟ್ ಇಲ್ಲದೆ ಡ್ರೈವರ್ ಹಾಕುವುದು ಹೇಗೆಂದು ಫೋನಿನಲ್ಲಿ ಒಂದರ ಮೇಲೊಂದು ವಿಡಿಯೋ ನೋಡಿದೆ. ಹಿಂದಿಯವನೊಬ್ಬ ಬಹಳ ಪ್ರೀತಿಯಿಂದ, ಕಂಪ್ಯೂಟರಿನ ಜೊತೆ ಒಂದು ಸಿ.ಡಿ. ಕೊಟ್ಟಿರುತ್ತಾರೆ, ಅದನ್ನು ಹಾಕಿ ಅಂದ. ಹೌದಲ್ಲ, ನಮ್ಮ ಮನೆಯಲ್ಲೂ ಡ್ರೈವರ್ ಸಿ.ಡಿ. ಇತ್ತು! ಕಪಾಟು ತಡಕಿದೆ, ಅಟ್ಟ ಹತ್ತಿದೆ. ಊಟಕ್ಕೆ ಕೂತಿದ್ದ ಅಪ್ಪ, ಏನು ಹುಡುಕುತ್ತಿದ್ದೀ ಎಂದು ಕೇಳಿ, ರೊಟ್ಟಿ ಮುರಿಯುತ್ತಲೇ ಉತ್ತರ ಕೊಟ್ಟ: "ಗೊರೇಬಾಳ ಗದ್ದ್ಯಾಗ ಐತಿ. ನೀನ ಕೊಟ್ಟಿದ್ದಿ."

ನಿಜ, ನಾನೇ ಕೊಟ್ಟಿದ್ದೆ. ಭತ್ತ ಹಾಲು ತುಂಬುವ ಹೊತ್ತಿಗೆ ನಮ್ಮ ಕಡೆ ಗುಬ್ಬಿ, ಗಿಳಿಗಳ ದಂಡು ಇಳಿಯುತ್ತದೆ. ಹಳೆಯ ಸಿ.ಡಿ.ಗಳನ್ನು ಹಗ್ಗಕ್ಕೆ ಪೋಣಿಸಿ ಗದ್ದೆಯ ಮೇಲೆ ಕಟ್ಟಿದರೆ ಬಿಸಿಲಿಗೆ ಫಳಫಳ ಹೊಳೆದು ಹಕ್ಕಿ ಹತ್ತಿರ ಬರುವುದಿಲ್ಲ. ಹೋದ ವಾರ ಅಪ್ಪ ಕೇಳಿದಾಗ, ಈಗ ಸಿ.ಡಿ. ಯಾರು ಹಾಕುತ್ತಾರಪ್ಪ ಎಂದು ನಕ್ಕು, ಇದ್ದಬಿದ್ದ ಸಿ.ಡಿ.ಗಳನ್ನೆಲ್ಲ ಚೀಲಕ್ಕೆ ತುಂಬಿ ಕಳಿಸಿದ್ದೆ.

ಬೈಕು ಹತ್ತಿ ಗೊರೇಬಾಳಕ್ಕೆ ಓಡಿದೆ. ಕಾಲುವೆ ನೀರು ಬಿಟ್ಟ ಗದ್ದೆ, ಮೊಣಕಾಲಿನವರೆಗೆ ಕೆಸರು. ಹಗ್ಗ ಹಿಡಿದುಕೊಂಡು ಒಂದೊಂದೇ ಸಿ.ಡಿ. ತಿರುಗಿಸಿ ಓದುತ್ತ ಹೊರಟೆ. ಒಂದು ಸಿ.ಡಿ. ಅಕ್ಕನ ಮದುವೆಯದು, ಇನ್ನೊಂದು ನನ್ನ ಜವಳದ್ದು. ತಲೆ ಬೋಳಿಸಿಕೊಂಡು ಅತ್ತ ನನ್ನ ಮುಖಕ್ಕೆ ಇಷ್ಟು ವರ್ಷಗಳ ಮೇಲಾದರೂ ಒಂದು ಉಪಯೋಗವಾಯಿತಲ್ಲ ಎಂದುಕೊಳ್ಳುವಷ್ಟರಲ್ಲಿ ಕಾಲು ಜಾರಿ ಕೂತೇಬಿಟ್ಟೆ. ಪಕ್ಕದ ಗದ್ದೆಯಲ್ಲಿ ಕಳೆ ತೆಗೆಯುತ್ತಿದ್ದ ಹುಲಿಗೆಮ್ಮ ಸೊಂಟ ನೆಟ್ಟಗೆ ಮಾಡಿ ನಿಂತು ನೋಡಿದಳು.

"ಯಾಕ ತಮ್ಮಾ, ಹಕ್ಕಿ ಸೀಡಿಗೆ ಅಂಜವಲ್ವೇನು? ನಿಮ್ಮಪ್ಪಾರು ನಿನ್ನ ಕಳಿಸ್ಯಾರ?"

ಕಡೆಗೂ ಸಿಕ್ಕಿತು. ಅಕ್ಷರ ಮಾಸಿದ್ದರೂ ಡ್ರೈವರ್ ಎಂಬುದು ಕಾಣುತ್ತಿತ್ತು. ಕಾಲುವೆಯಲ್ಲಿ ತೊಳೆದು, ಅಂಗಿಯೊಳಗೆ ಇಟ್ಟುಕೊಂಡು ಮನೆಗೆ ತಂದು ಹಾಕಿದೆ. ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡಿ ತೆರೆದುಕೊಂಡ ಸಿ.ಡಿ., ಇದು ನನ್ನ ಕಂಪ್ಯೂಟರ್ ಅಲ್ಲ ಎಂದಿತು. ಆಗ ನೆನಪಾಯಿತು: ಅದು ಹಿಂದಿನ ಕಂಪ್ಯೂಟರಿನ ಸಿ.ಡಿ. ನಾನು ರಿಪೇರಿ ಮಾಡಲು ಹೋಗಿ ತೀರಿಕೊಂಡಿತಲ್ಲ, ಅದರದ್ದು.

ಸಂಜೆ ಗಿರಿಜಾ ಬಂದಳು. ಹೋಳಿಗೆ ಗಾತ್ರದ ಚಿತ್ರಗಳನ್ನೂ ಕೆಸರಿನ ನನ್ನ ಪ್ಯಾಂಟನ್ನೂ ನೋಡಿದಳು. ಮುಖ ಬಿಳಿಚಿತು. ಕುರ್ಚಿ ಎಳೆದುಕೊಂಡು ಕೂತು ಹಳದಿ ತ್ರಿಕೋನಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ನನ್ನ ಫೋನನ್ನೂ ಚಾರ್ಜರಿನ ವೈರನ್ನೂ ಕೇಳಿ ಇಸಿದುಕೊಂಡು, ವೈರಿನ ಒಂದು ತುದಿ ಫೋನಿಗೆ, ಇನ್ನೊಂದು ಕಂಪ್ಯೂಟರಿಗೆ ಚುಚ್ಚಿ, ಫೋನಿನ ಸೆಟ್ಟಿಂಗಿನಲ್ಲಿ ಏನೋ ಒಂದು ಒತ್ತಿದಳು. ಫೋನಿನ ನೆಟ್ ಕಂಪ್ಯೂಟರಿಗೆ ಹರಿಯಿತು. ಡ್ರೈವರುಗಳು ಒಂದರ ಹಿಂದೊಂದು ತಾವೇ ಇಳಿದುಕೊಂಡವು. ಹೋಳಿಗೆಗಳು ಹಪ್ಪಳವಾಗಿ, ಹಪ್ಪಳಗಳು ಸಂಡಿಗೆಯಾದವು. ಟಿಣ್ ಎಂದು ಸೌಂಡೂ ಬಂತು.

"ಯಣ್ಣಾ," ಅಂದಳು ಪರದೆಯಿಂದ ಕಣ್ಣು ತೆಗೆಯದೆ, "ನೆಟ್ ಇಲ್ದಂಗ ಡ್ರೈವರ್ ಹಾಕೂದು ಹ್ಯಾಂಗಂತ ಇದ ಫೋನಿನ್ಯಾಗ ನೋಡಾಕತ್ತಿದ್ದ್ಯೇನು?"

ಹೌದು ಎನ್ನಲು ನಾಚಿಕೆಯಾಗಿ ಕೆಮ್ಮಿದೆ. ಗದ್ದೆಯ ಕೆಸರಿನಲ್ಲಿ ನಾನು ಹುಡುಕಾಡುತ್ತಿದ್ದಾಗಲೂ ಇಂಟರ್ನೆಟ್ಟು ನನ್ನ ಕಿಸೆಯಲ್ಲೇ ಕೂತಿತ್ತು.

ಆಕೆ ಒಂದೇ ಒಂದು ಷರತ್ತು ಹಾಕಿದಳು: ಮರುದಿನ ಪಾಠ ಮುಗಿಯುವವರೆಗೆ ನಾನು ಮನೆಯಲ್ಲಿ ಇರಬಾರದು. ಅಪ್ಪನಿಗೂ ಅದು ಅನುಕೂಲವಾಯಿತು. ಸಿ.ಡಿ. ಕಿತ್ತ ಜಾಗದಲ್ಲೇ ಗುಬ್ಬಿ ಇಳಿಯುತ್ತಿವೆಯಂತೆ, ಹೋಗಿ ಮತ್ತೆ ಕಟ್ಟಿ, ಅಲ್ಲೇ ನಿಂತಿರು ಅಂದ. ಹಾಗಾಗಿ ತಂಗಿ ಕಲನಶಾಸ್ತ್ರ ಹೇಳುವ ಹೊತ್ತಿಗೆ ಅಣ್ಣ ಗೊರೇಬಾಳದ ಗದ್ದೆಯ ನಡುವೆ ಸಿ.ಡಿ. ಕಟ್ಟಿ, ಫೋನನ್ನೇ ನೋಡುತ್ತ ನಿಂತಿದ್ದ. ಸೌಂಡ್ ಹೋಗಿಬಿಟ್ಟರೆ, ಚಿತ್ರ ನಿಂತುಬಿಟ್ಟರೆ ಎಂದು ನನ್ನ ಕೈಕಾಲು ತಾವಾಗಿಯೇ ಆಡುತ್ತಿದ್ದವು. ಬಿಸಿಲು ಏರಿದ ಮೇಲೆ ಮೆಸೇಜು ಬಂತು: "ಪಾಠ ಚಲೋ ಆತು. ತಗೊಂಡಾರ. ಮನೀಗೆ ಬಾ. ಕಂಪ್ಯೂಟರ್ ಮುಟ್ಟಬ್ಯಾಡ."

ಖುಷಿಗೆ ಎರಡೂ ಕೈ ಮೇಲೆತ್ತಿ ಕುಣಿದುಬಿಟ್ಟೆ. ಭತ್ತದಲ್ಲಿ ಅಡಗಿದ್ದ ಗುಬ್ಬಿಗಳೆಲ್ಲ ಭರ್‍ರೆಂದು ಎದ್ದು ಕಾಲುವೆ ದಾಟಿ ಹೋದವು. ಹುಲಿಗೆಮ್ಮ ಆಚೆಯಿಂದ ಕೂಗಿದಳು: "ತಮ್ಮಾ, ನಾಳೀನೂ ಬಾ. ನೀ ನಿಂತ್ರ ಒಂದ ಹಕ್ಕೀನೂ ಇಳಿವಲ್ದು."

ನೋಡಿ, ಯಾವ ಡ್ರೈವರೂ ಹಾಕದೆ, ತಂದು ನಿಲ್ಲಿಸಿದ ಕೂಡಲೇ ಕೆಲಸ ಮಾಡಿದ ಸಾಮಾನು ನಮ್ಮ ಮನೆಯಲ್ಲಿ ನಾನೊಬ್ಬನೇ.