ಪಕ್ಕದ ಮನೆಯ ಇಂಜೆಕ್ಷನ್

ಪದ್ಮನಾಭನ ಮಗಳಿಗೆ ದಡಾರದ ಇಂಜೆಕ್ಷನ್ ಹಾಕಿಸುತ್ತಾರಂತೆ ಎಂಬ ಸುದ್ದಿ ಬೆಳಗಿನ ಕಾಫಿಗಿಂತ ಮೊದಲೇ ಸೇತುರಾಮನ ಮನೆ ತಲುಪಿತು. ಹೊತ್ತು ತಂದವರು ವಠಾರದ ಒಡತಿ ವೆಂಕಟಲಕ್ಷ್ಮಮ್ಮ.

"ಫಾರಿನ್ ಇಂಜೆಕ್ಷನ್ ಕಣಪ್ಪ. ವಿಜಯನಗರದ ತುಂಗಾ ಡಾಕ್ಟ್ರು ಸ್ವಲ್ಪವೇ ತರಿಸಿದಾರಂತೆ. ಒಂದ್ಸಲ ನೀರು ಬೆರೆಸಿದ್ರೆ ಅವತ್ತೇ ಮುಗಿಸ್ಬೇಕಂತೆ. ಅದಕ್ಕೇ ಇವತ್ತು ಮಕ್ಕಳನ್ನೆಲ್ಲ ಒಟ್ಟಿಗೆ ಕರೆದಿದಾರೆ. ನಿಮ್ಮ ಮಗು ಕಿಟ್ಟೀನ ಕರ್ಕೊಂಡ್ಬನ್ನಿ ಅಂತ ಹೇಳಿಲ್ವಾ?"

ಹೇಳಿರಲಿಲ್ಲ. ಅದು 1978ರ ಜನವರಿಯ ಕೊನೆ. ಕುರುಬರಹಳ್ಳಿ ಕಡೆ ಮನೆಮನೆಗೂ ದಡಾರ ಹಬ್ಬಿತ್ತು, ಬಾಗಿಲುಗಳಲ್ಲಿ ಬೇವಿನ ಸೊಪ್ಪು ತೂಗುತ್ತಿತ್ತು. ಆದರೆ ಸೇತುರಾಮನನ್ನು ಸುಟ್ಟದ್ದು ರೋಗದ ಭಯಕ್ಕಿಂತ ಪಕ್ಕದ ಮನೆಯ ಅದೃಷ್ಟ. ರಾಜಾಜಿನಗರದ ಆ ವಠಾರಕ್ಕೆ ಗ್ಯಾಸ್ ಸಿಲಿಂಡರ್ ಮೊದಲು ಬಂದದ್ದು ಪದ್ಮನಾಭನ ಮನೆಗೆ. ಸ್ಕೂಟರಿಗೆ ಇಬ್ಬರೂ ಒಂದೇ ದಿನ ಬುಕ್ ಮಾಡಿದ್ದರು, ಬಂದದ್ದು ಪದ್ಮನಾಭನಿಗೆ. ಈಗ ಇಂಜೆಕ್ಷನ್ನೂ ಅವನಿಗೇ!

ಅಸೂಯೆ ಸೇತುರಾಮನಿಗೆ ಹೊಸದಲ್ಲ. ಚಿಕ್ಕಂದಿನಲ್ಲಿ ಅಣ್ಣನಿಗೆ ದಡಾರ ಎದ್ದಾಗ ಇವನನ್ನು ಉಲ್ಲಾಳದ ಅತ್ತೆಯ ಮನೆಗೆ ಸಾಗಿಸಿದ್ದರು. ಅಣ್ಣನಿಗೆ ಎಳನೀರು, ದ್ರಾಕ್ಷಿ, ತಲೆದೆಸೆಯಲ್ಲಿ ಅಮ್ಮ. ಇವನಿಗೆ ರಾಗಿಮುದ್ದೆ, ಅತ್ತೆಯ ಎಮ್ಮೆ. ಆ ದ್ರಾಕ್ಷಿಯನ್ನು ಅವನು ಇನ್ನೂ ಮರೆತಿರಲಿಲ್ಲ. ಮೊನ್ನೆ ಸಂಕ್ರಾಂತಿಗೆ ಎಳ್ಳು ಕೊಡುವ ನೆಪದಲ್ಲಿ ಕುರುಬರಹಳ್ಳಿಯ ಅಣ್ಣನ ಮನೆಗೆ ಹೋಗಿ ಅವನ ಹೊಸ ಫ್ರಿಜ್ಜನ್ನು ನಾಲ್ಕು ಸಲ ತೆಗೆದು ನೋಡಿ ಬಂದಿದ್ದ. ಅಣ್ಣನ ಮಗಳು ತಾನು ಅರ್ಧ ಕಚ್ಚಿದ ಸಕ್ಕರೆ ಅಚ್ಚನ್ನು ಚಿಕ್ಕಪ್ಪನ ಬಾಯಿಗೆ ತುರುಕಿದಾಗಲೂ ಅವನ ಕಣ್ಣು ಫ್ರಿಜ್ಜಿನ ಮೇಲೇ ಇತ್ತು.

"ನಡಿ ಪಂಕಜಾ, ಕಿಟ್ಟಿಗೂ ಹಾಕ್ಸೋಣ."

"ಒಂಬತ್ತು ತಿಂಗಳು ತುಂಬಿರ್ಬೇಕಂತೆ ಕಣ್ರೀ. ಪದ್ಮನಾಭನ ಹೆಂಡ್ತಿ ಜಲಜಾ ಹೇಳಿದ್ಲು. ನಮ್ಮವನಿಗೆ ಇನ್ನೂ ಐದನೇ ತಿಂಗಳು."

"ಅವಳು ಹಾಗೇ ಹೇಳ್ತಾಳೆ. ಎಲ್ಲಾ ಅವಳ ಮಗಳಿಗೇ ಸಿಗ್ಲಿ ಅಂತ."

ಪಂಕಜಾ ಗಂಡನ ಮುಖ ನೋಡಿದಳು. ಮುಂದಿಟ್ಟ ಉಪ್ಪಿಟ್ಟು ತಣ್ಣಗಾಗಿತ್ತು. "ಕಣ್ಣು ನೋಡ್ಕೊಳ್ಳಿ, ಕೆಂಡದ ಹಾಗಿದೆ. ಎರಡು ದಿನದಿಂದ ಮೈಯೂ ಬೆಚ್ಚಗಿದೆ. ಅಷ್ಟು ಹೊಟ್ಟೆಕಿಚ್ಚು ಪಡಬಾರದು ರೀ."

"ಹೊಟ್ಟೆಕಿಚ್ಚಿಗೆ ಕಣ್ಣು ಕೆಂಪಾಗತ್ತೆ ಅಂತ ಗೊತ್ತಿತ್ತು," ಎಂದರು ವೆಂಕಟಲಕ್ಷ್ಮಮ್ಮ. "ಮೂಗೂ ಸುರಿಯತ್ತೆ ಅಂತ ಇವತ್ತು ನೋಡಿದೆ."

ಹಾಗೆ ಹಂಗಿಸಿದರೂ ಅವರು ಸುಮ್ಮನಿರುವವರಲ್ಲ. ಮೊಮ್ಮಗನ ಹಳೆಯ ಸ್ವೆಟರು, ನಡೆಯುವ ಮಗುವಿನ ಬೂಟು ತಂದು ಕಿಟ್ಟಿಗೆ ತೊಡಿಸಿದರು. "ಈಗ ಯಾರು ನೋಡಿದ್ರೂ ಒಂಬತ್ತು ತಿಂಗಳು ಅಂತಾರೆ!" ಸ್ವೆಟರಿನೊಳಗೆ ಕಿಟ್ಟಿ ಮೂಟೆಯಲ್ಲಿ ಉಳಿದ ಕೊನೆಯ ಆಲೂಗಡ್ಡೆಯಂತೆ ಕಾಣುತ್ತಿದ್ದ.

ಬಾಗಿಲಲ್ಲಿ ಪದ್ಮನಾಭ ಸ್ಕೂಟರ್ ಒರೆಸುತ್ತಿದ್ದ. "ಏನ್ರೀ ಸೇತುರಾಮ್, ಕಣ್ಣು ಹೀಗಾಗಿದೆ? ಎಲ್ಲಿಗೆ ಹೊರಟ್ರಿ? ಬೇಕಾದ್ರೆ ಮೊದಲು ನಿಮ್ಮನ್ನ ಬಿಟ್ಟು ಬರ್ತೀನಿ."

"ಬೇಡ. ಆಟೋ ಹೇಳಿದೀವಿ," ಎಂದ ಸೇತುರಾಮ. ಆಟೋ ಹೇಳಿರಲಿಲ್ಲ. ಸಿಕ್ಕ ಆಟೋ ಕಾರ್ಡ್ ರೋಡಿನಲ್ಲಿ ಕೆಮ್ಮಿ ನಿಂತಿತು. ಒಳಗೆ ಸೇತುರಾಮ ಅದಕ್ಕಿಂತ ಜೋರಾಗಿ ಕೆಮ್ಮುತ್ತಿದ್ದ. ಆಗಲೇ ಪದ್ಮನಾಭನ ಸ್ಕೂಟರು ಹೆಂಡತಿ, ಮಗಳ ಸಮೇತ ಪಕ್ಕದಲ್ಲೇ ಹಾದುಹೋಯಿತು. ಬಿಸಿಲು ಸೂಜಿಯಂತೆ ಚುಚ್ಚಿ ಸೇತುರಾಮ ಕಣ್ಣು ಮುಚ್ಚಿದ. ಆ ದೃಶ್ಯ ನೋಡಲಾರದೆ ಮುಚ್ಚಿದ ಎಂದುಕೊಂಡಳು ಪಂಕಜಾ.

ಇವರು ಕ್ಲಿನಿಕ್ ತಲುಪುವಷ್ಟರಲ್ಲಿ ಪದ್ಮನಾಭನ ಮಗಳು ಸೂಜಿ ಚುಚ್ಚಿಸಿಕೊಂಡು, ಅತ್ತು, ಬಿಸ್ಕತ್ತು ತಿಂದೂ ಆಗಿತ್ತು.

"ವಯಸ್ಸೆಷ್ಟು?" ಡಾಕ್ಟರ್ ತುಂಗಾ ಕಿಟ್ಟಿಯನ್ನು ಎತ್ತಿಕೊಂಡರು.

"ಒಂಬತ್ತು ತುಂಬಿದೆ ಮೇಡಂ," ಎಂದ ಸೇತುರಾಮ. ಪಂಕಜಾ ಗೋಡೆಯ ಕ್ಯಾಲೆಂಡರ್ ಓದತೊಡಗಿದಳು.

ಡಾಕ್ಟರು ಮಗುವನ್ನು ಮೇಜಿನ ಮೇಲೆ ಕೂರಿಸಿದರು. ಕಿಟ್ಟಿ ಮಸಾಲೆ ದೋಸೆಯ ಹಾಗೆ ಮಡಿಚಿಕೊಂಡು ಬಿದ್ದ. ಒಂದು ಬೂಟು ಕಳಚಿ ಬಿತ್ತು.

"ಇನ್ನೂ ಕೂರಲ್ಲ?"

"ನಾಚಿಕೆ ಸ್ವಭಾವ ಮೇಡಂ."

"ಹಲ್ಲು?"

"ನಮ್ಮ ವಂಶದಲ್ಲಿ ಹಲ್ಲು ಸ್ವಲ್ಪ ಲೇಟು."

ಆಗ ಬೆಂಚಿನ ಮೇಲಿದ್ದ ಪದ್ಮನಾಭ ಸಹಾಯಕ್ಕೆ ಬಂದ. ಅವನ ಸ್ವಭಾವವೇ ಅದು. "ಏನ್ರೀ, ಮರೆತುಬಿಟ್ರಾ? ಗಣೇಶನ ಹಬ್ಬದ ಮಾರನೇ ದಿನ ಹುಟ್ಟಿದ್ದಲ್ವಾ! ಆಸ್ಪತ್ರೆಗೆ ಫ್ಲಾಸ್ಕಲ್ಲಿ ಕಾಫಿ ತಂದ್ಕೊಟ್ಟೋನು ನಾನೇ!"

ಡಾಕ್ಟರು ಬೆರಳು ಮಡಿಸಿ ಎಣಿಸಿದರು. ಬೈಯಲಿಲ್ಲ. ಪಂಕಜಾಳ ಕಡೆ ತಿರುಗಿ, "ನಿಮಗೆ ಚಿಕ್ಕವರಿದ್ದಾಗ ದಡಾರ ಆಗಿತ್ತೇನಮ್ಮ?" ಎಂದು ಕೇಳಿದರು.

"ಆಗಿತ್ತು. ಒಂದನೇ ಕ್ಲಾಸಲ್ಲಿ."

"ಹಾಗಾದ್ರೆ ಕೇಳಿ. ದಡಾರ ಒಂದ್ಸಲ ಬಂದು ಹೋದ್ರೆ, ಅದನ್ನ ಎದುರಿಸೋ ಶಕ್ತಿ ರಕ್ತದಲ್ಲಿ ಉಳಿಯತ್ತೆ. ಮಗು ಹೊಟ್ಟೇಲಿರುವಾಗ ತಾಯಿ ಅದರಲ್ಲಿ ಒಂದು ಪಾಲು ಮಗುವಿಗೂ ಕೊಟ್ಟಿರ್ತಾಳೆ. ತಿಂಗಳು ಕಳೆದ ಹಾಗೆ ಅದು ಕರಗತ್ತೆ. ಈ ಲಸಿಕೆ ಅಂದ್ರೆ ಬಲ ಕುಂದಿಸಿದ ದಡಾರದ ವೈರಸ್ಸೇ. ಈಗ ಚುಚ್ಚಿದ್ರೆ ತಾಯಿ ಕೊಟ್ಟ ಶಕ್ತಿ ಅದನ್ನೂ ಹೊಡೆದುಹಾಕತ್ತೆ. ಚುಚ್ಚಿಸಿದ ಸಮಾಧಾನ ನಿಮಗೆ. ಮಗುವಿಗೆ ಏನೂ ದಕ್ಕಲ್ಲ. ಒಂಬತ್ತು ತುಂಬಲಿ, ನಾನೇ ಹಾಕ್ತೀನಿ."

ಸೇತುರಾಮ ಕಳಚಿ ಬಿದ್ದ ಬೂಟನ್ನು ಎತ್ತಿಕೊಂಡ. "ತಾಯಿ ಕೊಟ್ಟದ್ದು ಸರಿ ಮೇಡಂ. ತಂದೆ ಕಡೆಯಿಂದ ಏನು ಬಂದಿರತ್ತೆ?"

"ಈ ವಿಷಯದಲ್ಲಿ ಏನೂ ಇಲ್ಲ."

ಪಂಕಜಾ ಸೆರಗು ಸರಿಮಾಡಿಕೊಂಡು ನಸುನಕ್ಕಳು. ಇಷ್ಟು ದಿನ ಪಕ್ಕದ ಮನೆಯವರ ಮೇಲಿದ್ದ ಅಸೂಯೆ ಸೇತುರಾಮನಿಗೆ ಈಗ ಸ್ವಂತ ಹೆಂಡತಿಯ ಮೇಲೆ ಉಕ್ಕಿತು. ಏನೋ ಹೇಳಲು ಬಾಯಿ ತೆರೆದ; ಬಂದದ್ದು ಮೂರು ಸೀನು.

ಡಾಕ್ಟರು ಅವನ ಕಣ್ಣನ್ನು ದಿಟ್ಟಿಸಿದರು. "ಜ್ವರ ಇದೆಯಾ?"

"ಅವರದು ಹೊಟ್ಟೆಕಿಚ್ಚು ಡಾಕ್ಟ್ರೇ," ಎಂದಳು ಪಂಕಜಾ.

"ಬಾಯಿ ತೆಗೀರಿ."

"ಮಗೂದಾ?"

"ನಿಮ್ಮದು!"

ಟಾರ್ಚಿನ ಬೆಳಕಿನಲ್ಲಿ, ಕೆನ್ನೆಯ ಒಳಗಿನ ಕೆಂಪಿನ ಮೇಲೆ, ರವೆ ಉದುರಿಸಿದಂತೆ ಬಿಳಿ ಚುಕ್ಕೆಗಳು.

"ನಿಮಗೆ ದಡಾರ ಆಗಿತ್ತಾ?"

"ಅಣ್ಣನಿಗೆ ಆಗಿತ್ತು. ನನ್ನನ್ನ ಉಲ್ಲಾಳಕ್ಕೆ ಕಳಿಸಿದ್ರು."

"ಈಚೆಗೆ ಕುರುಬರಹಳ್ಳಿ ಕಡೆ ಹೋಗಿದ್ರಾ?"

ಸೇತುರಾಮನ ನಾಲಿಗೆಯ ಮೇಲೆ ಅರ್ಧ ಸಕ್ಕರೆ ಅಚ್ಚು ಇನ್ನೊಮ್ಮೆ ಕರಗಿತು. "ಫ್ರಿಜ್ಜು ನೋಡೋಕೆ..." ಎಂದ ಕ್ಷೀಣ ದನಿಯಲ್ಲಿ.

"ನಾಳೆ ನಾಡಿದ್ದರಲ್ಲಿ ಮೈಮೇಲೆ ಎದ್ದೇಳತ್ತೆ. ದಡಾರ."

ಕ್ಲಿನಿಕ್ಕಿನ ತಾಯಂದಿರೆಲ್ಲ ಮಕ್ಕಳನ್ನು ಎತ್ತಿಕೊಂಡು ಎದುರು ಗೋಡೆಗೆ ಅಂಟಿಕೊಂಡರು. ಡಾಕ್ಟರು ಸಮಾಧಾನ ಮಾಡಿದರು: ಇವತ್ತು ಲಸಿಕೆ ಹಾಕಿಸಿಕೊಂಡ ಮಕ್ಕಳಿಗೆ ಅದೇ ಕಾವಲು, ಉಳಿದವರು ಜ್ವರ ಬಂದರೆ ತಕ್ಷಣ ಬರಬೇಕು. ಕಿಟ್ಟಿಯ ಮೇಲೂ ಕಣ್ಣಿಡಬೇಕು; ಆದರೂ ತಾಯಿಯ ಬಲ ಇರುವುದರಿಂದ ಅಷ್ಟು ಹೆದರಬೇಕಿಲ್ಲ.

"ಮೇಡಂ," ಸೇತುರಾಮ ಕೈಮುಗಿದ, "ನನಗಾದ್ರೂ ಒಂದು ಇಂಜೆಕ್ಷನ್ ಹಾಕಿ."

"ಬಂದ ಮೇಲೆ ಹಾಕಿ ಏನು ಪ್ರಯೋಜನ? ಮಗನಿಗೆ ಬೇಗ ಆಯ್ತು, ನಿಮಗೆ ತಡ ಆಯ್ತು." ಡಾಕ್ಟರು ಪದ್ಮನಾಭನ ಮಗಳ ಕೆನ್ನೆ ಸವರಿದರು. "ನಿಮ್ಮ ಪೈಕಿ ಸರಿಯಾದ ಹೊತ್ತಿಗೆ ಬಂದೋಳು ಇವಳೊಬ್ಬಳೇ."

ಹೊರಗೆ ಎರಡು ಆಟೋಗಳು ನಿಂತಿದ್ದವು. ಒಂದರಲ್ಲಿ ಪಂಕಜಾ, ಜಲಜಾ, ಇಬ್ಬರು ಮಕ್ಕಳು ಹೊರಟರು. ಇನ್ನೊಂದರವನು ಸೇತುರಾಮನ ಮುಖ ನೋಡಿ, "ಮನೇಲಿ ಮಕ್ಕಳಿದಾವೆ ಸಾರ್," ಎಂದು ಗಾಡಿ ತಿರುಗಿಸಿದ. ಬೀದಿಯಲ್ಲಿ ಉಳಿದದ್ದು ಪದ್ಮನಾಭ, ಅವನ ಸ್ಕೂಟರು.

"ಹತ್ತಿ ಸೇತುರಾಮ್. ದಾರೀಲಿ ಎಳನೀರು, ದ್ರಾಕ್ಷಿ ತಗೊಂಡು ಹೋಗೋಣ. ಇಂಥಾ ಟೈಮಲ್ಲಿ ತಂಪು ಮಾಡ್ಬೇಕು."

ದ್ರಾಕ್ಷಿ! ಸೇತುರಾಮ ಸ್ಕೂಟರ್ ಹತ್ತಿ ಕೂತ. ಬದುಕಿನಲ್ಲಿ ಮೊದಲ ಬಾರಿಗೆ ಅವನಿಗೆ ಪದ್ಮನಾಭನ ಮೇಲೆ ಪ್ರೀತಿ ಹುಟ್ಟಿತು. "ನಿಮಗೆ ಅಂಟಿಬಿಟ್ರೆ ಏನ್ ಮಾಡ್ತೀರಿ?" ಎಂದ ಕಳಕಳಿಯಿಂದ.

"ನನಗಾ?" ಪದ್ಮನಾಭ ಕಿಕ್ ಹೊಡೆಯುತ್ತಾ ನಕ್ಕ. "ಅಯ್ಯೋ, ಮೂರನೇ ಕ್ಲಾಸಲ್ಲೇ ಆಗೋಯ್ತು ಕಣ್ರೀ. ಆಗ ನಮ್ಮ ಬೀದಿಗೆಲ್ಲ ನಾನೇ ಮೊದಲು!"

ಸ್ಕೂಟರು ಹೊರಟಿತು. ಹಿಂದೆ ಕೂತ ಸೇತುರಾಮನ ಕಣ್ಣು ಇನ್ನಷ್ಟು ಕೆಂಪಾಯಿತು. ಈ ಸಲದ ಕೆಂಪಿಗೆ ದಡಾರ ಕಾರಣವಾಗಿರಲಿಲ್ಲ.