ಬಣ್ಣ ನುಂಗಿದ ಕೆಳದುಟಿಯವರ ಸನ್ನಿಧಾನಕ್ಕೆ

ಇವರಿಗೆ: ನನ್ನ ಓರಗಿತ್ತಿಯ ಮುಖದಲ್ಲಿ, ಗಲ್ಲದ ಮೇಲೆ, ಹಲ್ಲಿನ ಮುಂದೆ ಖಾಯಂ ವಾಸವಾಗಿರುವ ಶ್ರೀಮತಿ ಕೆಳದುಟಿಯವರಿಗೆ.

ವಿಷಯ: ಗಿಡಬೇರಿನ ಬಣ್ಣದ ಲಿಪ್‌ಸ್ಟಿಕ್ ಪರೀಕ್ಷೆಯಲ್ಲಿ ತಾವು ನಡೆದುಕೊಂಡ ರೀತಿಯ ಬಗ್ಗೆ.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ನಂಬುವುದೇನು ಬಂತು, ಇವತ್ತು ತಮಗೆ ರಜೆ, ಮಹಡಿ ಮೇಲಿಂದ ಬೆಳಗಿನಿಂದ ತಮ್ಮ ಮಾತು ಕೇಳಿಸುತ್ತಲೇ ಇದೆ. ದೇವರು ತಮಗೆ ಇನ್ನೂ ಹೆಚ್ಚಿನ ಆಯುರಾರೋಗ್ಯ ಕೊಡಲಿ, ಮತ್ತು ಅದರ ಜೊತೆಗೆ ಮಧ್ಯಾಹ್ನ ಊಟವಾದ ಮೇಲಾದರೂ ಸ್ವಲ್ಪ ವಿಶ್ರಾಂತಿಯ ಬುದ್ಧಿ ಕೊಡಲಿ ಎಂದು ದೀಪ ಹಚ್ಚುವಾಗ ತಪ್ಪದೆ ಬೇಡಿಕೊಳ್ಳುತ್ತೇನೆ. ಈ ಪತ್ರವನ್ನು ಅಂಟಿಸಿ ಮುಚ್ಚಿ ತಮ್ಮ ಕೈಗೇ (ಕೈ ಇಲ್ಲದ್ದರಿಂದ ಬಾಯಿಗೇ) ಕೊಡಬಹುದಿತ್ತು. ಆದರೆ ತಮಗೆ ಗುಟ್ಟಾಗಿ ಹೇಳಿದ್ದು ಸಂಜೆಯೊಳಗೆ ಬೀದಿಯ ಕೊನೆಯ ಮನೆ ಮುಟ್ಟುವುದು ಹೇಗೂ ತಪ್ಪದ ಮೇಲೆ, ತಮಗೇಕೆ ಆ ಶ್ರಮವೆಂದು ನಾನೇ ಬಹಿರಂಗ ಮಾಡುತ್ತಿದ್ದೇನೆ.

ಓದುವವರಿಗೆ ತಲೆಬುಡ ತಿಳಿಯಲೆಂದು ಮೊದಲಿಂದ ಹೇಳುತ್ತೇನೆ. ತಮ್ಮ ಯಜಮಾನಿ, ಅಂದರೆ ನನ್ನ ಮೈದುನನ ಹೆಂಡತಿ, ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ, ಯಾವಾಗ ಹೊರಡುತ್ತದೆ ಎಂದು ಮೈಕಿನಲ್ಲಿ ಹೇಳುವ ಕೆಲಸದವಳು. ಅವಳ ಮಗಳು, ನನ್ನನ್ನು ದೊಡ್ಡಮ್ಮ ಎನ್ನುವ ಹುಡುಗಿ, ತಾಯಿಯ ಗಂಟಲನ್ನೇ ಪಡೆದು ಬಂದಿದ್ದಾಳೆ. ಆದರೆ ಹೈಸ್ಕೂಲಿಗೆ ಹೋಗುವಾಗ ಅವಳ ಕೆಳದುಟಿಯ ನಡುವೆ ಒಂದು ಬಿಳಿ ಮಚ್ಚೆ ಮೂಡಿ, ಈಗ ಹುಣಿಸೆಬೀಜದಷ್ಟಾಗಿದೆ. ಚರ್ಮದ ಡಾಕ್ಟರು ಇದು ಅಂಟುವುದಲ್ಲ, ನೋಯುವುದಲ್ಲ, ಸುಮ್ಮನೆ ಅಷ್ಟು ಜಾಗ ಬಣ್ಣ ಬಿಟ್ಟಿದೆ ಎಂದರು. ಬಣ್ಣ ಬಿಟ್ಟಿದ್ದು ತುಟಿ; ಮಾತು ಬಿಟ್ಟವಳು ಹುಡುಗಿ. ಅಂದಿನಿಂದ ಬಾಯಿಗೆ ಕೈ ಅಡ್ಡ ಹಿಡಿಯದೆ ಅವಳು ಯಾರ ಎದುರಿಗೂ ಮಾತಾಡಿದ್ದಿಲ್ಲ. ಒಂದು ಕೈ ಬಾಯಿ ಕಾಯುವುದಕ್ಕೇ ಮೀಸಲಾಗಿ ಹೋಗಿ, ನೀರು ತುಂಬುವುದು, ಬಟ್ಟೆ ಮಡಚುವುದು, ನನ್ನ ಜೊತೆ ಜಗಳವಾಡುವುದು ಎಲ್ಲವನ್ನೂ ಇನ್ನೊಂದೇ ಕೈಯಲ್ಲಿ ಮಾಡುತ್ತಾಳೆ.

ಇಂಥವಳ ದನಿಯನ್ನು ಫೋನಿನಲ್ಲಿ ಕೇಳಿ ಮೆಚ್ಚಿದ ಟಿ.ವಿ.ಯವರು, ಸುದ್ದಿ ಓದುವ ಕೆಲಸವಿದೆ, ಬಂದು ಕ್ಯಾಮೆರಾದ ಮುಂದೆ ಓದಿ ತೋರಿಸು ಎಂದರು. ಅಂಗಡಿಯ ಲಿಪ್‌ಸ್ಟಿಕ್ ಹಚ್ಚಿದರೆ ಅವಳ ತುಟಿ ಬೋಂಡದಂತೆ ಊದಿಕೊಳ್ಳುತ್ತದೆ. ಅವಳು ನನ್ನ ಅಡುಗೆಮನೆಯ ಬಾಗಿಲಿಗೆ ಒರಗಿ, ಕೈಯ ಹಿಂದಿನಿಂದಲೇ ಹೇಳಿದಳು: “ತುಟಿ ಮೇಲೆ ನಿಲ್ಲೋ ಅಂಥ ಬಣ್ಣ ಏನಾದ್ರೂ ಇದ್ರೆ ಹೋಗ್ತೀನಿ ದೊಡ್ಡಮ್ಮ. ಇಲ್ಲಾಂದ್ರೆ ಹೋಗಲ್ಲ.”

ಅಡುಗೆಮನೆಯಲ್ಲಿ ಆಗದ್ದು ಯಾವುದಿದೆ ಎಂದುಕೊಂಡು ಸೊಂಟಕ್ಕೆ ಸೆರಗು ಸಿಕ್ಕಿಸಿದೆ. ಮೊದಲು ಬೀಟ್‌ರೂಟ್ ತುರಿದು ಹಿಂಡಿದೆ. ಆ ಮಹಾರಾಯನ ರಸ ನನ್ನ ಕೈಗೆ ಹತ್ತಿತು, ಸೌಟಿಗೆ ಹತ್ತಿತು, ಗೋಡೆಗೆ ಹತ್ತಿತು. ನಮ್ಮ ಯಜಮಾನರು ನನ್ನ ಅಂಗೈ ನೋಡಿ ಬೆರಳೇ ಹೋಯಿತೆಂದು ಓಡಿಬಂದು, ತಮ್ಮ ಬಿಳಿ ಬನಿಯನ್ನಿನಲ್ಲೇ ಒರೆಸಿದಾಗ ಬನಿಯನ್ನಿಗೂ ಹತ್ತಿತು. ಜೇನುಮೇಣ ಕರಗಿಸಿದ ಎಣ್ಣೆಯೊಂದಕ್ಕೆ ಮಾತ್ರ ಹತ್ತಲಿಲ್ಲ. ಎಣ್ಣೆ ಮೇಲೆ, ರಸ ಕೆಳಗೆ, ಜಗಳವಾಡಿದ ದಾಯಾದಿಗಳ ಹಾಗೆ ಒಂದೇ ಪಾತ್ರೆಯಲ್ಲಿ ಬೆನ್ನು ತಿರುಗಿಸಿ ಕೂತವು. ಒಣಗಿಸಿ ಪುಡಿ ಮಾಡಿ ಹಾಕಿದರೆ ತುಟಿಗೆ ಮರಳು ಉಜ್ಜಿದಂತಾಯಿತು. ಕೊನೆಗೆ ನಾರುಬೇರಿನ ಅಂಗಡಿಯವನು, ಅಮ್ಮಾ, ನೀರಿಗೆ ಬಣ್ಣ ಬಿಡುವುದು ಬೇರೆ, ಎಣ್ಣೆಗೆ ಬಿಡುವುದು ಬೇರೆ, ಎಂದು ಒಂದು ಕೆಂಪು ಬೇರು ಕೊಟ್ಟ. ಅದನ್ನು ಹರಳೆಣ್ಣೆಯಲ್ಲಿ ಸಣ್ಣ ಉರಿಯಲ್ಲಿಟ್ಟರೆ, ಆಹಾ, ಎಣ್ಣೆ ದಾಳಿಂಬೆಯ ಬಣ್ಣಕ್ಕೆ ತಿರುಗಿತು. ಸೋಸಿ, ಮೇಣ ಬೆರೆಸಿ, ಹುಡುಗಿಯ ಹಳೆಯ ಸ್ಕೆಚ್ ಪೆನ್ನಿನ ಮುಚ್ಚಳಗಳಿಗೆ ಹೊಯ್ದು ಆರಿಸಿದೆ. ಅವಳ ಮೊಣಕೈಯ ಒಳಬದಿಗೆ ಹಚ್ಚಿಟ್ಟು ಒಂದು ಹಗಲು ನೋಡಿದೆವು, ತುರಿಕೆಯಿಲ್ಲ, ಊತವಿಲ್ಲ. ಇನ್ನು ಉಳಿದದ್ದು ಒಂದೇ ಪ್ರಶ್ನೆ: ಮಾತಾಡುವ ಬಾಯಿಯ ಮೇಲೆ ಇದು ಎಷ್ಟು ಹೊತ್ತು ನಿಲ್ಲುತ್ತದೆ?

ಪೂಜ್ಯರೇ, ತಮ್ಮ ನೇಮಕ ಆದದ್ದು ಆಗ. ನಾನೇ ಹಚ್ಚಿ ನೋಡಬಹುದಿತ್ತಲ್ಲ ಎಂದು ತಾವು ಕೇಳುತ್ತೀರಿ, ತಾವು ಕೇಳದೆ ಬಿಡುವವರಲ್ಲ. ದೇವರಿಗೆ ಇಡದೆ ಯಾವುದನ್ನೂ ಬಾಯಿಗೆ ಇಡುವ ರೂಢಿ ನನಗಿಲ್ಲ. ಸಾರಿಗೆ ಉಪ್ಪು ಸಾಕೇ ಎಂದೂ ನಾನು ರುಚಿ ನೋಡಿದವಳಲ್ಲ, ವಾಸನೆಯಲ್ಲೇ ತಿಳಿಯುತ್ತೇನೆ. ಲಿಪ್‌ಸ್ಟಿಕ್ ನೈವೇದ್ಯಕ್ಕೆ ಇಡೋಣವೆಂದರೆ ದೇವರು ಯಾವತ್ತೂ ಕೇಳಿಲ್ಲ. ಹೀಗಾಗಿ, ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ಮೈಕಿನ ಮುಂದೆ ದುಡಿಯುವ ತಮಗಿಂತ ಯೋಗ್ಯ ಪರೀಕ್ಷಕರು ಲೋಕದಲ್ಲೇ ಸಿಗರೆಂದು, ತಮ್ಮ ಮೇಲೆ ನಿಂತ ಬಣ್ಣ ಬಂಡೆಯ ಮೇಲೂ ನಿಂತೀತೆಂದು ಭಾವಿಸಿ, ವಿನಯದಿಂದ ಮುಚ್ಚಳ ಹಿಡಿದುಕೊಂಡು ಬಂದೆ.

ತಮ್ಮ ಸೇವೆಯನ್ನು ಎಷ್ಟು ಹೊಗಳಿದರೂ ಕಡಿಮೆ. ಮೊದಲ ಪಾಕವನ್ನು ತಾವು ಮಾತಿನಲ್ಲೇ ಕರಗಿಸಿದಿರಿ. ಎರಡನೆಯದು ಗಟ್ಟಿಯಾಯಿತೆಂದು ಹಲ್ಲಿನಿಂದ ಕಚ್ಚಿ ಕಚ್ಚಿ ಸುಲಿದಿರಿ. ಹರಳೆಣ್ಣೆಯ ವಾಸನೆ ತಮಗೆ ಹಿಡಿಸದೆಂದು ಮುಂದಿನದಕ್ಕೆ ಒಂದು ತೊಟ್ಟು ವೆನಿಲ್ಲಾ ಹಾಕಿ ಕಳಿಸಿದರೆ, ಮೊದಲ ಬಸ್ಸು ಹೊರಡುವ ಮುಂಚೆ ಅಷ್ಟನ್ನೂ ನೆಕ್ಕಿ, ಸಂಜೆ ಬಂದು, ಚೆನ್ನಾಗಿತ್ತು, ಇನ್ನೂ ಇದೆಯಾ, ಎಂದು ಕೇಳಿದಿರಿ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಹಿರಿಯರು ಹೇಳಿದ್ದು ತಮ್ಮನ್ನು ನೋಡಿಯೇ ಇರಬೇಕು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನನ್ನ ಕೈ ವಾರವಿಡೀ ಕೆಂಪಾಗಿದ್ದರೂ ತಮ್ಮ ಬಾಯಿ ಮಾತ್ರ ತೊಳೆದಿಟ್ಟ ತಟ್ಟೆಯಂತೆ ಮನೆಗೆ ಬರುತ್ತಿತ್ತು.

ಇಷ್ಟಾದರೂ ನಾನು ತುಟಿ ಪಿಟಕ್ಕೆನ್ನಲಿಲ್ಲ. ಆದರೆ ಪ್ರತಿ ಸಂಜೆ ಹುಡುಗಿ ಮೆಟ್ಟಿಲ ಬಳಿ ನಿಂತಿರುತ್ತಿದ್ದಳು. ಬರುವ ತಾಯಿಯ ಕೈಚೀಲ ನೋಡುತ್ತಿರಲಿಲ್ಲ, ಮುಖ ನೋಡುತ್ತಿರಲಿಲ್ಲ, ನೇರ ತಮ್ಮನ್ನೇ ನೋಡುತ್ತಿದ್ದಳು. ಬರಿ ತುಟಿ ಕಂಡೊಡನೆ ಒಳಗೆ ಹೋಗಿ ಚಪ್ಪಲಿಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಅವಳು ಚಪ್ಪಲಿ ಜೋಡಿಸಿದಳೆಂದರೆ ಮನಸ್ಸು ಕೆಟ್ಟಿದೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು.

ಆಮೇಲೆ ಆ ಪವಾಡ ನಡೆಯಿತು. ಮೇಣ ಸ್ವಲ್ಪ ಹೆಚ್ಚಿಸಿ, ವೆನಿಲ್ಲಾ ಬಿಟ್ಟು, ಬೇರನ್ನು ಎರಡು ಪಟ್ಟು ಕಾಯಿಸಿ ಮಾಡಿದ ಪಾಕವನ್ನು ಹಚ್ಚಿಕೊಂಡು ಹೋದ ತಾವು, ಇಡೀ ಹಗಲು ಬಸ್ಸುಗಳನ್ನು ಕೂಗಿ ಕಳಿಸಿ, ಊಟ ಮಾಡಿ, ಚಹಾ ಕುಡಿದು, ಕಂಡಕ್ಟರುಗಳ ಜೊತೆ ವಾದ ಮಾಡಿ, ಆಗಷ್ಟೇ ಬಿರಿದ ದಾಸವಾಳದ ಹಾಗೆ ಕೆಂಪಗೆ ಮನೆಗೆ ಬಂದಿರಿ. ನನಗೆ ಅನುಮಾನ ಬಂದು ಯಾವಾಗ ಹಚ್ಚಿದ್ದು ಎಂದು ಕೇಳಿದೆ. “ಬೆಳಿಗ್ಗೆ ಹಚ್ಚಿದ್ದು ಅಕ್ಕಾ” ಎಂದಿರಿ. ಮರುದಿನವೂ ದಾಸವಾಳ. ಅದರ ಮರುದಿನವೂ ದಾಸವಾಳ. ಹುಡುಗಿ ಚಪ್ಪಲಿ ಜೋಡಿಸುವುದನ್ನು ಮರೆತಳು. ನಾನು ದೇವರ ಮುಂದೆ ಒಂದು ದೀಪ ಹೆಚ್ಚಿಗೆ ಹಚ್ಚಿದೆ. ಆ ಎಣ್ಣೆಯನ್ನು ದೇವರು ಈಗ ಯಾರ ಲೆಕ್ಕಕ್ಕೆ ಹಾಕಿಕೊಂಡಿದ್ದಾನೋ ತಾವೇ ಕೇಳಿ ತಿಳಿಸಬೇಕು.

ಟಿ.ವಿ. ಕಚೇರಿಗೆ ಅವಳ ಜೊತೆ ನಾನು ಹೋದೆ, ತಾವು ಕೆಲಸದ ಮೇಲಿದ್ದಿರಿ. ಕನ್ನಡಿಯ ಮುಂದೆ ಅವಳು ಎರಡು ಪದರ ಹಚ್ಚಿಕೊಂಡಳು. ಮಚ್ಚೆ ಎಲ್ಲಿತ್ತೆಂದು ನನಗೇ ಹುಡುಕಲಾಗಲಿಲ್ಲ. ಅವಳು ಮೇಜಿನ ಹಿಂದೆ ಕೂತು, ಎರಡೂ ಕೈಯನ್ನು ಮೇಜಿನ ಮೇಲಿಟ್ಟಳು. ಆ ಎರಡು ಕೈಗಳನ್ನು ಒಟ್ಟಿಗೆ ನೋಡಿ ಎಷ್ಟು ವರ್ಷವಾಗಿತ್ತೋ. ಆಮೇಲೆ ದೀಪಗಳನ್ನು ಹಾಕಿದರು. ಮಾನ್ಯರೇ, ಅವು ದೀಪಗಳಲ್ಲ, ಒಲೆಗಳು. ಮೊದಲನೆಯ ಸುದ್ದಿ ಮುಗಿಯುವುದರೊಳಗೆ ಮೇಣ ಮೆತ್ತಗಾಯಿತು, ಎರಡನೆಯದರಲ್ಲಿ ಬಣ್ಣ ಮೂಲೆಗೆ ಸರಿಯಿತು, ಹವಾಮಾನಕ್ಕೆ ಬರುವಾಗ ಬಿಳಿ ಮಚ್ಚೆ ಹುಣ್ಣಿಮೆಯ ಹಾಗೆ ಹೊರಬಂದು ನಿಂತಿತ್ತು. ಅವಳಿಗೆ ಗೊತ್ತಿಲ್ಲ. ಅಮ್ಮನ ತುಟಿಯ ಮೇಲೆ ಹಗಲೆಲ್ಲ ನಿಂತ ಬಣ್ಣ ತನ್ನ ಮೇಲೂ ಇದೆಯೆಂಬ ಧೈರ್ಯದಲ್ಲಿ, ಬಾಯಿ ತುಂಬ ತೆರೆದು, ಒಂದೊಂದು ಅಕ್ಷರವನ್ನೂ ನಾಣ್ಯ ಎಣಿಸಿ ಕೊಟ್ಟ ಹಾಗೆ ಓದುತ್ತಿದ್ದಾಳೆ. ನಾನು ಮೂಲೆಯ ಕುರ್ಚಿಯಲ್ಲಿ ಕೂತು ದೇವರ ನಾಮ ಹೇಳೋಣವೆಂದರೆ ಒಂದು ನಾಮವೂ ನೆನಪಿಗೆ ಬರಲೊಲ್ಲದು.

ಓದಿದ್ದನ್ನು ಅವಳಿಗೆ ಪರದೆಯ ಮೇಲೆ ತೋರಿಸಿದರು. ತನ್ನ ತುಟಿಯನ್ನು ಅಷ್ಟು ದೊಡ್ಡದಾಗಿ ಅವಳು ಎಂದೂ ನೋಡಿರಲಿಲ್ಲ. ಅವಳ ಕೈ ಮೇಲೆದ್ದಿತು, ಗಲ್ಲದವರೆಗೆ ಬಂತು, ಅಲ್ಲೇ ನಿಂತಿತು. ಕೊನೆಯವರೆಗೆ ನೋಡಿ, ಒಂದು ಮಾತಿನಲ್ಲಿ ಉಸಿರು ತಪ್ಪಿದೆ, ಅಷ್ಟನ್ನು ಮತ್ತೆ ಓದಲೇ ಎಂದು ಕೇಳಿದಳು. ಅಲ್ಲಿಯ ಹಿರಿಯ ಹೆಂಗಸು ಓದು ಎಂದರು. ಬಣ್ಣ ಹಚ್ಚಿಕೊಳ್ಳುತ್ತೀಯಾ ಎಂದೂ ಕೇಳಿದರು. ಇವಳು ಒಂದು ಕ್ಷಣ ಯೋಚಿಸಿ, ಬೇಡ, ಮುಂಚಿನದಕ್ಕೂ ಇದಕ್ಕೂ ಹೊಂದಬೇಕಲ್ಲ ಎಂದಳು. ನಾನು ಎದ್ದು ಹೊರಗೆ ಹೋಗಿ ನೀರು ಕುಡಿದು ಬಂದೆ.

ಮನೆಗೆ ಮರಳಲು ತಮ್ಮ ಬಸ್ ನಿಲ್ದಾಣಕ್ಕೇ ಬಂದೆವು. ದೂರದಿಂದಲೇ ತಮ್ಮ ಘೋಷಣೆ ಕೇಳಿಸುತ್ತಿತ್ತು, ಆದರೆ ಅದರಲ್ಲೊಂದು ವಿಚಿತ್ರವಿತ್ತು: ಬಸ್ಸು ಎಲ್ಲಿ ನಿಂತಿದೆ ಎಂದು ಹೇಳಿದ ಮೇಲೆ, ಎಲ್ಲಿಗೆ ಹೋಗುತ್ತದೆ ಎನ್ನುವ ಮೊದಲು, ನುಂಗಿದಂಥ ಒಂದು ಮೌನ. ಗಾಜಿನ ಹತ್ತಿರ ಬಂದು ನೋಡಿದರೆ, ಒಂದು ಕೈಯಲ್ಲಿ ಮೈಕು, ಇನ್ನೊಂದು ಕೈಯಲ್ಲಿ ನನ್ನ ಸ್ಕೆಚ್ ಪೆನ್ನಿನ ಮುಚ್ಚಳ! ಪ್ರತಿ ಬಸ್ಸಿಗೂ ಒಂದೊಂದು ಸಲ ತಾವು ಸಿಂಗರಿಸಿಕೊಳ್ಳುತ್ತಿದ್ದಿರಿ. ಬೆಳಿಗ್ಗೆ ಹಚ್ಚಿದ್ದು ಎಂದಿರಲ್ಲ, ಅದು ಸುಳ್ಳಲ್ಲ. ಆಮೇಲೆ ಹಚ್ಚಿದ್ದನ್ನು ಹೇಳಲಿಲ್ಲ, ಅಷ್ಟೇ. ಅಂಥ ಸತ್ಯವಂತಿಕೆಗೆ ಶಿಲೆಯಲ್ಲಿ ಮೂರ್ತಿ ಮಾಡಿಸಬೇಕು, ಕಲ್ಲಿನದಾದರೆ ಅಲ್ಲಾಡುವುದೂ ಇಲ್ಲ.

ನಮ್ಮನ್ನು ಕಂಡ ತಾವು ಗಾಬರಿಯಲ್ಲಿ ಮೈಕು ಆರಿಸುವುದನ್ನು ಮರೆತಿರಿ. “ಏನಾಯ್ತೇ?” ಎಂದು ಇಡೀ ನಿಲ್ದಾಣವನ್ನೇ ಕೇಳಿದಿರಿ. ಹುಡುಗಿ ಹೇಳಿದಳು, ಗಾಜಿನ ಆ ಕಡೆ ಕೇಳಿಸಲಿಲ್ಲ. “ಕೇಳಿಸ್ತಿಲ್ಲ, ಬಾಯಿ ಬಿಟ್ಟು ಹೇಳೇ!” ಎಂದು ಮತ್ತೆ ಗುಡುಗಿದಿರಿ. ಪ್ರಯಾಣಿಕರೆಲ್ಲ ತಿರುಗಿ ಅವಳ ಬಾಯಿಯನ್ನೇ ನೋಡತೊಡಗಿದರು. ಬಣ್ಣ ಒಂದಿಷ್ಟೂ ಇರಲಿಲ್ಲ. ಅವಳು ಎರಡೂ ಅಂಗೈಗಳನ್ನು ಗಾಜಿಗೆ ಊರಿ, ಮುಖ ಹತ್ತಿರ ತಂದು, ತಾಯಿ ಓದಿಕೊಳ್ಳಲೆಂದು, ತುಟಿಗಳನ್ನು ಎಷ್ಟು ಅಗಲಿಸಬಹುದೋ ಅಷ್ಟು ಅಗಲಿಸಿ, ಒಂದೊಂದೇ ಅಕ್ಷರವಾಗಿ ಹೇಳಿದಳು. ತಮ್ಮ ಯಜಮಾನಿ ಅವನ್ನು ಒಂದೊಂದಾಗಿಯೇ ಓದಿದಳು. ತಾವು ನಡುಗತೊಡಗಿದಿರಿ. ಆಮೇಲೆ ಧ್ವನಿವರ್ಧಕ ಹೇಳಿತು: “ಪ್ರಯಾಣಿಕರು ಗಮನಿಸಬೇಕು. ನನ್ನ ಮಗಳಿಗೆ ಕೆಲಸ ಆಯ್ತು. ಸೋಮವಾರದಿಂದ.” ಹೊರಡಲು ನಿಂತಿದ್ದ ಬಸ್ಸಿನ ಡ್ರೈವರು ಯಾಕೋ ಹಾರನ್ನು ಒತ್ತಿ ಹಿಡಿದ, ಬಿಡಲೇ ಇಲ್ಲ.

ಈಗ ನನ್ನ ದೂರು ಇಷ್ಟೇ. ತಾವು ಸುಳ್ಳು ವರದಿ ಕೊಟ್ಟದ್ದಕ್ಕೆ ಹುಡುಗಿ ಟಿ.ವಿ. ಕಚೇರಿಗೆ ಹೋದಳು. ನನ್ನ ಬಣ್ಣ ನಿಲ್ಲದ್ದಕ್ಕೆ ಅವಳು ಗೆದ್ದಳು. ಇದರಲ್ಲಿ ನಾನು ಯಾರನ್ನು ಬೈಯಬೇಕು? ಬೈಯಲು ಎರಡು ದಿನದಿಂದ ಬಾಯಿ ತೆರೆಯುತ್ತೇನೆ, ನಗು ಬರುತ್ತದೆ. ಆದ್ದರಿಂದ ತಾವು ದಯವಿಟ್ಟು ವಾರಕ್ಕೆ ಒಂದು ದಿನ ಸಂಪೂರ್ಣ ಮೌನ ಪಾಲಿಸಬೇಕು; ಬಸ್ಸುಗಳು ತಮ್ಮ ಹೆಸರನ್ನು ತಾವೇ ಕೂಗಿಕೊಳ್ಳುವಂತೆ ಇಲಾಖೆಗೆ ಬರೆಯುತ್ತೇನೆ. ಊಟದ ಹೊತ್ತಿನಲ್ಲಿ ತಾವು ಬಾಯಿಯಿಂದ ಇಳಿದು ಪಕ್ಕದಲ್ಲಿ ಕೂತಿರಬೇಕು. ಮಾತಾಡಲೇಬೇಕಾದಾಗ ನೆರೆಮನೆಯ ತುಟಿಯನ್ನು ಎರವಲು ಪಡೆಯಬೇಕು. ಯಾಕೆಂದರೆ ಪರೀಕ್ಷೆ ಇನ್ನೂ ಮುಗಿದಿಲ್ಲ. ಅಂದು ಮನೆಗೆ ಬರುವ ಬಸ್ಸಿನಲ್ಲಿ ಹುಡುಗಿ ನನ್ನ ಭುಜಕ್ಕೆ ಒರಗಿ, ತಿಂಡಿ ತಿನ್ನುತ್ತಾ, ಇನ್ನೊಂದು ಬಣ್ಣ ಮಾಡಿಕೊಡು ಎಂದಳು. ಮಚ್ಚೆ ಮುಚ್ಚುವಂಥದ್ದೇ ಎಂದು ಕೇಳಿದೆ.

“ಅದೆಲ್ಲ ಬೇಡ ದೊಡ್ಡಮ್ಮ. ನೇರಳೆ ಬಣ್ಣ ಬರುತ್ತಾ ನೋಡು. ನೋಡಿದವ್ರು ಹೌಹಾರಬೇಕು.”

ನೇರಳೆ ಹಣ್ಣು ತಂದು ಒಲೆಯ ಪಕ್ಕ ಇಟ್ಟಿದ್ದೇನೆ.

ತಮ್ಮ ಮಾತನ್ನು ಇನ್ನು ನಂಬದಿದ್ದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ತಮ್ಮ ಯಜಮಾನಿ ಅಕ್ಕಾ ಎಂದು ಕರೆಯುವ ಓರಗಿತ್ತಿ

ಮರೆತ ಮಾತು: ಈ ಪತ್ರದ ಒಂದು ಪ್ರತಿಯನ್ನು ತಮ್ಮ ಮೇಲಧಿಕಾರಿಗಳಾದ ಮೇಲ್ದುಟಿಯವರಿಗೆ ಕಳಿಸಿದ್ದೇನೆ. ಇಷ್ಟೆಲ್ಲ ಕಣ್ಣ ಕೆಳಗೇ ನಡೆದರೂ ತನಗೇನೂ ಗೊತ್ತಿಲ್ಲವೆಂದು ಅವರು ಹೇಳುತ್ತಿದ್ದಾರೆ. ಹೇಳುವಾಗ ಅವರೂ ಕೆಂಪಗೇ ಇದ್ದರು.