ಕುರಿಮರಿಗೆ ಬಿಸಿನೀರ ಸ್ನಾನ

ಹೊಸದಾಗಿ ಹುಟ್ಟಿದ ಯಾವುದನ್ನು ಕಂಡರೂ ನನ್ನ ಅಮ್ಮನಿಗೆ ಮೊದಲು ನೆನಪಾಗುವುದು ಬಿಸಿನೀರು. ಉಡುಪಿಯ ಕಡೆ ನಮ್ಮ ಕೇರಿಯ ಶಿಶುಗಳೆಲ್ಲ ಅವರ ನೀಡಿದ ಕಾಲ ಮೇಲೆ ಮಲಗಿ ಮಿಂದವರೇ. ಅವರಲ್ಲಿ ಒಬ್ಬರು ಈಗ ಪಂಚಾಯಿತಿ ಅಧ್ಯಕ್ಷರು. ಅವರ ಮೂಗನ್ನು ತಿದ್ದಿ ನೆಟ್ಟಗೆ ಮಾಡಿದ್ದು ತಾನೇ ಎಂದು ಅಮ್ಮ ಇವತ್ತಿಗೂ ಹೇಳುತ್ತಾರೆ. ಇಂಥವರನ್ನು ವಿಸಿಟ್ ವೀಸಾದಲ್ಲಿ ದೋಹಾಕ್ಕೆ ಕರೆಸಿಕೊಂಡ ನಾನು, ಚಳಿ ಮುಗಿದು ಮರುಭೂಮಿಯಲ್ಲಿ ಅಲ್ಲಲ್ಲಿ ಹಸಿರು ಚಿಗುರಿದ ಒಂದು ಶುಕ್ರವಾರ, ನಮ್ಮ ಆಫೀಸಿನ ಮಾಲೀಕರ ಕುರಿ ಫಾರ್ಮಿಗೆ ಕರೆದುಕೊಂಡು ಹೋದೆ. ಅದು ಕುರಿಗಳು ಮರಿ ಹಾಕುವ ಕಾಲ.

ನಾವು ಹೋದ ಹೊತ್ತಿಗೇ ಒಂದು ಕುರಿ ಮರಿ ಹಾಕಿತು. ಫಾರ್ಮಿನ ಕುರಿಗಳನ್ನು ನೋಡಿಕೊಳ್ಳುವ ಸುಡಾನಿನ ಆದಂ ಆಚೆ ಕೊಟ್ಟಿಗೆಯಲ್ಲಿ ಇನ್ನೊಂದರ ಹೆರಿಗೆಯಲ್ಲಿ ಮುಳುಗಿದ್ದ. ನಾನು ಒದ್ದೆ ಮರಿಯನ್ನು ಎದೆಗವಚಿಕೊಂಡು ಸೆಲ್ಫಿ ತೆಗೆದುಕೊಂಡೆ. ಮರಿಯ ಮೈಯ ಲೋಳೆ ಮೆತ್ತಿ ಹೊಸ ಶರ್ಟು ಹಾಳಾಯಿತು. ಅಷ್ಟರಲ್ಲಿ ಅಮ್ಮ ಚಹಾದ ಕೆಟಲಿನಲ್ಲಿ ನೀರು ಕಾಯಿಸಿ ಕಾಲು ನೀಡಿ ಕೂತಿದ್ದರು. "ಕೊಡು ಮಾರಾಯ ಇತ್ಲಾಗೆ, ಶೀತ ಆಗ್ತದೆ ಅದಕ್ಕೆ." ಮೀಯಿಸಿ, ಒರೆಸಿ, ಸಾಂಬ್ರಾಣಿ ಸಿಗದೆ ಮಾಲೀಕರು ಅತಿಥಿಗಳನ್ನು ಕೂರಿಸುವ ಮಜ್ಲಿಸಿನಿಂದ ಊದ್ ಧೂಪವನ್ನೇ ತಂದು ಹೊಗೆ ಹಾಕಿದರು. ಮರಿ ಥೇಟ್ ನಮ್ಮ ಮಾಲೀಕರ ಹಾಗೆ ಘಮಘಮಿಸಿತು. ನನಗಂತೂ ಎದ್ದು ನಿಂತು ಸಲಾಂ ಹೇಳಬೇಕೆನಿಸಿತು.

ತಾಯಿ ಕುರಿಗೆ ಹಾಗನಿಸಲಿಲ್ಲ. ಮೂಸಿ ನೋಡಿ ಮರಿಯನ್ನು ಹಣೆಯಿಂದ ನೂಕಿತು. ಕೆಚ್ಚಲಿಗೆ ಬಾಯಿ ಹಾಕಹೋದರೆ ಒದೆಯಿತು. ಆದಂ ಅಲ್ಲಿಂದಲೇ, "ದೂಧ್ ಮಾಫಿ, ಬಚ್ಚಾ ಖಲಾಸ್" ಎಂದ. ಹಾಲು ಸಿಗದಿದ್ದರೆ ಮರಿ ಉಳಿಯುವುದಿಲ್ಲ ಎಂಬುದು ಅಮ್ಮನಿಗೂ ಅರ್ಥವಾಯಿತು. ಅವರ ಮುಖ ಸಣ್ಣದಾಯಿತು. "ತಾಯಿಗೆ ಮಗುವಿನ ಗುರ್ತವೇ ಇಲ್ಲದ ಹಾಗೆ ಮಾಡಿ ಹಾಕಿದೆನಲ್ಲ," ಎಂದರು. ನಾನು ಆದಂನನ್ನು ಕರೆತರಲು ಹೊರಟೆ.

ಕುರಿ ಮಾತ್ರ ಬ್ಯಾ ಎನ್ನುತ್ತಾ ನನ್ನ ಹಿಂದೆಯೇ ಬಂತು. ಓಡಿದರೆ ಓಡಿತು, ನಿಂತರೆ ನನ್ನ ಶರ್ಟು ನೆಕ್ಕತೊಡಗಿತು. ಹೊಟ್ಟೆ ಬಂದ, ತಲೆ ಬೋಳಾದ, ಅಕೌಂಟ್ಸ್ ಮ್ಯಾನೇಜರ್ ಆದ ನನ್ನನ್ನು ಅದು ಹೆತ್ತ ಮಗನೆಂದು ಒಪ್ಪಿಕೊಂಡುಬಿಟ್ಟಿತ್ತು. ಅಮ್ಮ ಒಂದು ಕ್ಷಣ ನೋಡಿದರು.

"ಶರ್ಟು ಬಿಚ್ಚು."

"ಒಳಗಿನ ಬನಿಯನ್ ಹರ್ದಿದೆ ಅಮ್ಮ."

"ಕುರಿ ನೋಡಿದ್ರೆ ನೋಡ್ಲಿ. ಬಿಚ್ಚು ಬೇಗ."

ಶರ್ಟಿನಿಂದ ಮರಿಯನ್ನು ತಲೆಯಿಂದ ಬಾಲದವರೆಗೆ ಉಜ್ಜಿದೆವು. ಕುರಿ ಮೂಸಿತು, ಇನ್ನೊಮ್ಮೆ ಮೂಸಿತು, ಆಮೇಲೆ ಗಂಟಲಲ್ಲೇ ಏನೋ ಗುನುಗುತ್ತಾ ನೆಕ್ಕತೊಡಗಿತು. ಮರಿ ಕೆಚ್ಚಲು ಹಿಡಿದು ಬಾಲ ಕುಣಿಸಿದಾಗ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಳ್ಳುತ್ತಿದ್ದೆ, ಶರ್ಟಿರಲಿಲ್ಲ. ಪ್ರಮೋಷನ್ ಬಂದ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ದೋಹಾದ ಅಂಚಿನ ಮುಐದರ್‌ನಲ್ಲಿರುವ ನಮ್ಮ ಮನೆಗೆ ಬನಿಯನ್ನಿನಲ್ಲೇ ಮರಳಿದೆ. ಬಾಗಿಲು ತೆರೆದ ಹೆಂಡತಿ ಮೂಗು ಮುಚ್ಚಿ ಕೈ ಅಡ್ಡ ಹಿಡಿದಳು. "ಎಂತದ್ದು ಈ ವಾಸ್ನೆ? ಮಿಂದು ಬಂದ್ರೆ ಮಾತ್ರ ಒಳಗೆ." ಬಾತ್‌ರೂಮು ಇರುವುದೇ ಒಳಗೆ ಎಂದೆ. ಅವಳಿಗೆ ಅದು ಉತ್ತರವೆನಿಸಲಿಲ್ಲ. ನನ್ನನ್ನು ಇದ್ದ ಹಾಗೇ ಒಪ್ಪಿಕೊಂಡ ಜೀವ ಇಡೀ ಕತಾರಿನಲ್ಲಿ ಒಂದೇ ಒಂದಿತ್ತು. ಅದಕ್ಕೂ ಅಷ್ಟು ಹೊತ್ತಿಗೆ ಬೇರೆ ಮಗ ಸಿಕ್ಕಿದ್ದ.